ಐಸಿಯು, ಶ್ವಾಸಕೋಶ ಸಂಶೋಧನೆ, ಪಾಠ: ಮೂರನ್ನೂ ಒಬ್ಬರೇ ಹೊರಲು ಆಗುತ್ತದೆಯೇ?

ರಾತ್ರಿಪಾಳಿ (ಪ್ರಶ್ನೆ)

ತೀವ್ರ ನಿಗಾ ವೈದ್ಯಕೀಯದ ತರಬೇತಿ ಮುಗಿಯುತ್ತ ಬಂದಿದೆ. ಜೊತೆಯವರೆಲ್ಲ ಮುಂದಿನ ದಾರಿ ತೀರ್ಮಾನಿಸಿಕೊಂಡಿದ್ದಾರೆ. ನಾನೊಬ್ಬನೇ ಇನ್ನೂ ಅತ್ತ ಇತ್ತ ನೋಡುತ್ತಿದ್ದೇನೆ.

ನನ್ನನ್ನು ಹಿಡಿದು ಕೂರಿಸಿರುವುದು ಎಆರ್‌ಡಿಎಸ್. ವೈದ್ಯರಲ್ಲದವರಿಗಾಗಿ ಒಂದು ಮಾತು: ನ್ಯುಮೋನಿಯಾ, ರಕ್ತದ ಸೋಂಕು, ಮೇದೋಜೀರಕ ಗ್ರಂಥಿಯ ಉರಿಯೂತ, ಹೀಗೆ ಯಾವುದೋ ಒಂದು ಕಾರಣದಿಂದ ಕೆಲವೇ ದಿನಗಳಲ್ಲಿ ಎರಡೂ ಶ್ವಾಸಕೋಶಗಳ ಗಾಳಿಗೂಡುಗಳಿಗೆ ರಕ್ತನಾಳಗಳಿಂದ ನೀರು ಸೋರಿ, ಶ್ವಾಸಕೋಶ ಬಿಗಿದುಕೊಳ್ಳುವ ಸ್ಥಿತಿ ಅದು. ವೆಂಟಿಲೇಟರ್ ಇಲ್ಲದೆ ಹೆಚ್ಚಿನವರು ಬದುಕುವುದಿಲ್ಲ.

ನಮ್ಮಲ್ಲಿ ಇಬ್ಬರು ಹಿರಿಯರಿದ್ದಾರೆ. ಒಬ್ಬರು ದಿನವಿಡೀ ರೋಗಿಗಳ ನಡುವೆಯೇ ಇರುವವರು. ಅವರ ಕೈಗುಣ ನೋಡಿಯೇ ನಾನು ಈ ಶಾಖೆಗೆ ಬಂದದ್ದು. ಇನ್ನೊಬ್ಬರು ಪ್ರಯೋಗಾಲಯ, ಪ್ರಬಂಧ, ಅನುದಾನದ ಅರ್ಜಿ ಎಂದು ಓಡಾಡುವವರು. ಅಪರೂಪಕ್ಕೆ ರೌಂಡ್ಸ್‌ಗೆ ಬಂದರೆ ವೆಂಟಿಲೇಟರಿನ ಹೊಸ ಪರದೆಯಲ್ಲಿ ಯಾವುದು ಎಲ್ಲಿದೆ ಎಂದು ನಮ್ಮನ್ನೇ ಕೇಳುತ್ತಾರೆ. ಮೊದಲನೆಯವರು ಎರಡನೆಯವರನ್ನು ‘ಕಾಗದದ ವೈದ್ಯರು’ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಎರಡನೆಯವರು ಮೊದಲನೆಯವರ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಮೌನವೇ ಇನ್ನೂ ಖಾರ.

ನನ್ನ ತಲೆಬಿಸಿ ಇಷ್ಟು. ಸಂಶೋಧನೆಗೆ ಹೋದರೆ ಹಾಸಿಗೆಯ ಪಕ್ಕದ ಕೈ ಜಡ್ಡುಗಟ್ಟುತ್ತದೆಯೇ? ಈ ಕಾಯಿಲೆಗೆಂದು ಪರೀಕ್ಷಿಸಿದ ಔಷಧಿಗಳು ಸಾಲುಸಾಲಾಗಿ ಸೋತಿವೆ; ಗೆಲುವೇ ಕಾಣದ ಹೊಲದಲ್ಲಿ ಆಯುಷ್ಯ ಉಳುವುದು ಬುದ್ಧಿವಂತಿಕೆಯೇ? ಇನ್ನು ಪಾಠ. ಅದನ್ನು ಎಲ್ಲರೂ ಕಿರಿಯರ ತಲೆಗೆ ಕಟ್ಟಿ ಜಾರಿಕೊಳ್ಳುತ್ತಾರೆ. ಬಡ್ತಿಯ ಲೆಕ್ಕಕ್ಕೆ ಅದು ಬರುವಂತೆಯೂ ಕಾಣುವುದಿಲ್ಲ.

ಈ ದಾರಿಯಲ್ಲಿ ನಡೆದವರು ದಯವಿಟ್ಟು ಮುಲಾಜಿಲ್ಲದೆ ಹೇಳಿ.

---

ಗಡಿಯಾರ

ಮುಲಾಜಿಲ್ಲದೆ ಹೇಳುತ್ತೇನೆ: ಆಗುವುದಿಲ್ಲ. ನಾನು ಸಂಶೋಧನೆಯನ್ನು ಬಿಟ್ಟು ಬಂದವನು, ವಿಷಾದವೂ ಇಲ್ಲ.

ಐಸಿಯು ನಿಮ್ಮ ಬಿಡುವು ನೋಡಿಕೊಂಡು ಕರೆಯುವುದಿಲ್ಲ. ಅನುದಾನದ ಅರ್ಜಿಯ ಕೊನೆಯ ದಿನವೇ ಮೂರು ಹೊಸ ರೋಗಿಗಳು ಬರುತ್ತಾರೆ. ಆಗ ಅರ್ಜಿಯನ್ನು ಬಿಡುತ್ತೀರಿ, ಬಿಡಲೇಬೇಕು. ಹೀಗೆ ಬಿಡುತ್ತ ಹೋದವರ ಮೇಜಿನ ಖಾನೆಯಲ್ಲಿ ಅರ್ಧ ಬರೆದ ಪ್ರಬಂಧಗಳು ರಾಶಿ ಬಿದ್ದಿರುತ್ತವೆ. ಇನ್ನು ಕೆಲವರು ಅರ್ಜಿಯನ್ನು ಹಿಡಿದು ರೋಗಿಯನ್ನು ಕಿರಿಯರಿಗೆ ಬಿಡುತ್ತಾರೆ. ಅವರ ಬಗ್ಗೆ ಇಲ್ಲಿ ಬರೆದರೆ ಜಗಳವಾಗುತ್ತದೆ.

ಎರಡು ದೋಣಿಗಳಲ್ಲಿ ಕಾಲಿಟ್ಟವರ ಕತೆ ಎಲ್ಲರಿಗೂ ಗೊತ್ತು. ನಿಮ್ಮದು ಮೂರು ದೋಣಿ. ಒಳ್ಳೆಯ ವೈದ್ಯರಾಗಿ, ಅದೇ ದೊಡ್ಡದು.

---

ಹಳೆಯ ವೆಂಟಿಲೇಟರ್

ಗಡಿಯಾರ ಅವರ ಮಾತಿನಲ್ಲಿ ಸಮಯದ ಬಗ್ಗೆ ಹೇಳಿದ್ದೆಲ್ಲ ನಿಜ. ತೀರ್ಮಾನವನ್ನು ಮಾತ್ರ ನಾನು ಒಪ್ಪುವುದಿಲ್ಲ. ನನ್ನ ವೃತ್ತಿಜೀವನದ ಬಹುಪಾಲು ಈ ಮೂರನ್ನೂ ಹೊತ್ತುಕೊಂಡೇ ಕಳೆದಿದೆ. ಬೆನ್ನು ಸ್ವಲ್ಪ ಬಾಗಿರಬಹುದು, ಮುರಿದಿಲ್ಲ.

ರಾತ್ರಿಪಾಳಿ ಅವರೇ, ನಿಮ್ಮ ಇಬ್ಬರು ಹಿರಿಯರ ಪೈಕಿ ಯಾರಂತಾಗಬೇಕು ಎಂದು ಕೇಳುತ್ತಿದ್ದೀರಿ. ಕೈಗುಣದ ಹಿರಿಯರು ಎಷ್ಟೇ ಒಳ್ಳೆಯವರಾದರೂ, ಅವರ ಕಣ್ಣಿಗೆ ಹಾಸಿಗೆಯ ಪಕ್ಕದಲ್ಲಿ ನಿಂತು ಎಂದಿಗೂ ಕಾಣಲಾಗದ ಸಂಗತಿಗಳಿವೆ. ಅದಕ್ಕೆ ಈ ಕ್ಷೇತ್ರದಲ್ಲೇ ಒಂದು ಉದಾಹರಣೆಯಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

1967ರಲ್ಲಿ ಆಶ್‌ಬಾ, ಪೆಟ್ಟಿ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹನ್ನೆರಡು ರೋಗಿಗಳ ಬಗ್ಗೆ ಬರೆದರು. ಬೇರೆ ಬೇರೆ ಕಾರಣಗಳಿಂದ ಬಂದವರು, ಆದರೆ ಎಲ್ಲರ ಶ್ವಾಸಕೋಶವೂ ಒಂದೇ ಬಗೆಯಲ್ಲಿ ಬಿಗಿದುಕೊಂಡಿತ್ತು. ಎಆರ್‌ಡಿಎಸ್ ಎಂದು ನಾವು ಈಗ ಕರೆಯುವುದು ಅಲ್ಲಿಂದ ಶುರು. ಆಮೇಲಿನ ದಶಕಗಳಲ್ಲಿ ಇಂಥ ರೋಗಿಗಳಿಗೆ ವೆಂಟಿಲೇಟರಿನಿಂದ ಒಂದೊಂದು ಉಸಿರಿಗೆ ದೇಹದ ತೂಕದ ಪ್ರತಿ ಕಿಲೋಗ್ರಾಂಗೆ 10ರಿಂದ 15 ಮಿಲಿಲೀಟರ್ ಗಾಳಿ ಕೊಡುವುದೇ ವಾಡಿಕೆಯಾಗಿತ್ತು. ಹಾಗೆ ಕೊಟ್ಟರೆ ರಕ್ತದಲ್ಲಿ ಆಮ್ಲಜನಕ ಏರುತ್ತಿತ್ತು, ಇಂಗಾಲದ ಡೈಆಕ್ಸೈಡ್ ಇಳಿಯುತ್ತಿತ್ತು. ವರದಿ ಚೆನ್ನಾಗಿ ಬಂದರೆ ವೈದ್ಯರಿಗೂ ಸಮಾಧಾನ, ಮನೆಯವರಿಗೂ ಸಮಾಧಾನ.

2000ದಲ್ಲಿ ಅಮೆರಿಕದ ಆಸ್ಪತ್ರೆಗಳ ಕೂಟವಾದ ಎಆರ್‌ಡಿಎಸ್ ನೆಟ್‌ವರ್ಕ್‌ನ ಪ್ರಯೋಗದ ಫಲಿತಾಂಶ ಬಂತು. 861 ರೋಗಿಗಳು. ಒಂದು ಗುಂಪಿಗೆ ಕಿಲೋಗ್ರಾಂಗೆ 12 ಮಿಲಿಲೀಟರ್, ಇನ್ನೊಂದಕ್ಕೆ 6. ಹೆಚ್ಚು ಗಾಳಿಯ ಗುಂಪಿನಲ್ಲಿ ಸತ್ತವರು ಶೇ. 39.8, ಕಡಿಮೆ ಗಾಳಿಯ ಗುಂಪಿನಲ್ಲಿ ಶೇ. 31. ಅಂತರ ಎಷ್ಟು ಸ್ಪಷ್ಟವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಈ ಅಂಕಿಯನ್ನು ತರಬೇತಿಯ ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಅದೇ ಪ್ರಬಂಧದಲ್ಲಿರುವ ಇನ್ನೊಂದು ಸಂಗತಿಯನ್ನು ನೆನಪಿಟ್ಟವರು ಕಡಿಮೆ: ಮೊದಲ ದಿನವೂ ಮೂರನೆಯ ದಿನವೂ ರಕ್ತದ ಆಮ್ಲಜನಕ ಚೆನ್ನಾಗಿದ್ದದ್ದು 12 ಮಿಲಿಲೀಟರ್ ಗುಂಪಿನಲ್ಲಿ. ಹೆಚ್ಚು ಸತ್ತ ಗುಂಪಿನಲ್ಲಿ.

ನಿಮ್ಮ ಕೈಗುಣದ ಹಿರಿಯರನ್ನು ಈಗ ಆ ಹಾಸಿಗೆಯ ಪಕ್ಕದಲ್ಲಿ ನಿಲ್ಲಿಸಿ ನೋಡಿ. ಗಾಳಿ ಹೆಚ್ಚಿಸುತ್ತಾರೆ, ಮರುದಿನದ ವರದಿ ಸುಧಾರಿಸುತ್ತದೆ, ತಾನು ಮಾಡಿದ್ದು ಸರಿ ಎಂದು ಅನುಭವವೇ ಬೆನ್ನು ತಟ್ಟುತ್ತದೆ. ನೂರು ಮಂದಿಯಲ್ಲಿ ಒಂಬತ್ತು ಸಾವು ಹೆಚ್ಚು ಎಂಬುದು ಯಾವ ಒಬ್ಬ ವೈದ್ಯರ ನೆನಪಿಗೂ ಸಿಕ್ಕುವಂಥದ್ದಲ್ಲ. ಸತ್ತವರೆಲ್ಲ ಕಾಯಿಲೆಯಿಂದಲೇ ಸತ್ತಂತೆ ಕಾಣುತ್ತಾರೆ. ಕಾಗದದ ವೈದ್ಯರು ಬೇಕಾಗುವುದು ಅಲ್ಲಿ.

ಆದರೆ ಕಾಗದದ ವೈದ್ಯರೂ ಹಾಸಿಗೆಯಿಂದ ದೂರವಾದರೆ ಕೇಳಬೇಕಾದ ಪ್ರಶ್ನೆಯೇ ತಪ್ಪಿಹೋಗುತ್ತದೆ. ಇಟಲಿಯ ಐಸಿಯು ವೈದ್ಯ ಗಟ್ಟಿನೋನಿ ಅವರ ಕೆಲಸವನ್ನು ಓದಿ. ಎಕ್ಸ್-ರೇಯಲ್ಲಿ ಇಡೀ ಎದೆ ಬೆಳ್ಳಗೆ ಕಾಣುವ ರೋಗಿಗಳನ್ನು ಅವರ ತಂಡ 1980ರ ದಶಕದಲ್ಲಿ ಸಿಟಿ ಯಂತ್ರದಲ್ಲಿ ಮಲಗಿಸಿತು. ಶ್ವಾಸಕೋಶ ಪೂರ್ತಿ ಕೆಟ್ಟಿರಲಿಲ್ಲ. ಬೆನ್ನ ಕಡೆಯ ಭಾಗ ಮುಚ್ಚಿಹೋಗಿ, ಎದೆಯ ಕಡೆ ಐದಾರು ವರ್ಷದ ಮಗುವಿನ ಶ್ವಾಸಕೋಶದಷ್ಟು ಜಾಗ ಮಾತ್ರ ಗಾಳಿಗೆ ತೆರೆದಿತ್ತು. ದೊಡ್ಡವರಿಗೆ ಕೊಡುವ ಗಾಳಿಯನ್ನೆಲ್ಲ ಆ ಪುಟ್ಟ ಜಾಗಕ್ಕೆ ತುರುಕಿದರೆ ಏನಾಗುತ್ತದೆಂದು ಆ ಚಿತ್ರ ನೋಡಿದವರಿಗೆ ಹೇಳಬೇಕಾಗಿಲ್ಲ. ಮುಂದೆ ಇಂಥ ರೋಗಿಗಳನ್ನು ಬೋರಲು ಮಲಗಿಸಿ ಮತ್ತೆ ಸಿಟಿ ತೆಗೆದಾಗ ಮುಚ್ಚಿದ್ದ ಭಾಗವೇ ಜಾಗ ಬದಲಿಸಿತು: ಬೆನ್ನ ಕಡೆ ತೆರೆಯಿತು, ಎದೆಯ ಕಡೆ ಮುಚ್ಚಿತು. ಹಾಗಾದರೆ ‘ಒಳ್ಳೆಯ ಭಾಗ’ ಎಂಬುದು ಒಂದೇ ಕಡೆ ನೆಲೆಯಾಗಿ ಇರುವುದಲ್ಲ. ತಾವೇ ಕೊಟ್ಟ ಚಿತ್ರವನ್ನು ಅವರು ತಾವೇ ತಿದ್ದಿದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಮೊದಲ ಪ್ರಬಂಧಕ್ಕಿಂತ ಈ ತಿದ್ದುಪಡಿಯಿಂದ.

ಸೋತ ಔಷಧಿಗಳ ಬಗ್ಗೆ ಕೇಳಿದ್ದೀರಿ. ಹೌದು, ಪಟ್ಟಿ ಉದ್ದವಾಗಿದೆ. ನೈಟ್ರಿಕ್ ಆಕ್ಸೈಡ್ ಉಸಿರಾಡಿಸಿದರೆ ಆಮ್ಲಜನಕ ಒಂದೆರಡು ದಿನ ಏರುತ್ತದೆ, ಸಾವು ಇಳಿಯುವುದಿಲ್ಲ. ಕ್ಷಣಕ್ಕೆ ಹಲವು ಬಾರಿ ನಡುಗಿಸುವ ಹೈ ಫ್ರೀಕ್ವೆನ್ಸಿ ವೆಂಟಿಲೇಟರ್ ಮೇಲೆ ನಮಗೆಲ್ಲ ದೊಡ್ಡ ಆಸೆಯಿತ್ತು. 2013ರಲ್ಲಿ ಪ್ರಕಟವಾದ ಆಸಿಲೇಟ್ ಪ್ರಯೋಗದಲ್ಲಿ ಆ ಗುಂಪಿನವರೇ ಹೆಚ್ಚು ಸತ್ತು, 548 ರೋಗಿಗಳಿಗೆ ಪ್ರಯೋಗ ನಿಂತಿತು. ಇದನ್ನು ನೀವು ಸೋಲು ಎನ್ನುತ್ತೀರಿ. ನನಗೆ ಹಾಗನ್ನಿಸುವುದಿಲ್ಲ. ಆ ಫಲಿತಾಂಶ ಬರದಿದ್ದರೆ ನಾವು ಅದೇ ಯಂತ್ರವನ್ನು ಒಳ್ಳೆಯದೆಂದು ನಂಬಿ ಇಂದಿಗೂ ತಿರುಗಿಸುತ್ತ ಕೂತಿರುತ್ತಿದ್ದೆವು. ಅಪವಾದವೂ ಇದೆ: 2020ರಲ್ಲಿ ರಿಕವರಿ ಪ್ರಯೋಗ ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧಿಯನ್ನು ಕೋವಿಡ್ ರೋಗಿಗಳಲ್ಲಿ ಪರೀಕ್ಷಿಸಿತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇ. 41.4ರಿಂದ 29.3ಕ್ಕೆ ಇಳಿಯಿತು. ಆಮ್ಲಜನಕವೇ ಬೇಕಾಗಿರದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಎರಡನ್ನೂ ಒಂದೇ ಪ್ರಯೋಗ ಹೇಳಿತು, ಅದೂ ಸಾಂಕ್ರಾಮಿಕದ ನಟ್ಟನಡುವೆ.

ಕೈ ಜಡ್ಡುಗಟ್ಟುವ ಬಗ್ಗೆ: ದಿನವನ್ನು ಸೀಳಬೇಡಿ, ವಾರಗಳನ್ನು ಸೀಳಿ. ಬೆಳಗ್ಗೆ ಐಸಿಯು, ಮಧ್ಯಾಹ್ನ ಸಂಶೋಧನೆ ಎಂದು ವೇಳಾಪಟ್ಟಿ ಹಾಕಿಕೊಂಡವರಿಗೆ ಗಡಿಯಾರ ಅವರು ಹೇಳಿದ ಗತಿಯೇ. ಐಸಿಯು ವಾರಗಳಲ್ಲಿ ಪೂರ್ತಿ ಐಸಿಯು; ಒಂದು ಸಾಲನ್ನೂ ಬರೆಯಬೇಡಿ. ಉಳಿದ ವಾರಗಳಲ್ಲಿ ಕರೆದರೂ ಹೋಗಬೇಡಿ. ಎರಡನೆಯದನ್ನು ಒಪ್ಪುವ ವಿಭಾಗ ಮುಖ್ಯಸ್ಥರು ಸಿಕ್ಕಿದ ಕಡೆ ಸೇರಿ. ಅದನ್ನು ಸೇರುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ. ಬಾಯಿಮಾತಿನ ಭರವಸೆ ಮೊದಲ ಸಿಬ್ಬಂದಿ ಕೊರತೆಗೇ ಆವಿಯಾಗುತ್ತದೆ.

ಒಂದು ಸಂಗತಿಯನ್ನು ನೀವು ಕೇಳಲಿಲ್ಲ, ಆದರೆ ಈ ಕೆಲಸದಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಅದೇ: ಒಪ್ಪಿಗೆ. ನಮ್ಮ ರೋಗಿಗೆ ಪ್ರಜ್ಞೆಯಿಲ್ಲ. ಪ್ರಯೋಗಕ್ಕೆ ಸೇರಿಸಲು ಇರುವ ಕಾಲಾವಕಾಶ ಹಲವು ಸಲ ಒಂದೆರಡು ದಿನ. ಮನೆಯವರು ಬಾಗಿಲ ಹೊರಗೆ ಕುಳಿತಿರುತ್ತಾರೆ. ಸ್ವಲ್ಪ ಹೊತ್ತಿನ ಹಿಂದೆಯಷ್ಟೇ ‘ಉಳಿಯದಿರಬಹುದು’ ಎಂದು ಕೇಳಿಸಿಕೊಂಡವರು. ಅವರ ಮುಂದೆ ಹಲವು ಪುಟಗಳ ಪತ್ರ ಹಿಡಿದು, ಯಾವ ಗುಂಪಿಗೆ ಹೋಗುತ್ತಾರೆಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದಂತೆ ತೀರ್ಮಾನಿಸುತ್ತದೆ ಎಂದು ವಿವರಿಸಬೇಕು. ‘ನಿಮಗೇ ಯಾವುದು ಒಳ್ಳೆಯದೆಂದು ಗೊತ್ತಿಲ್ಲವೇ ಡಾಕ್ಟರೇ?’ ಎಂದು ಕೇಳುತ್ತಾರೆ. ಗೊತ್ತಿಲ್ಲ ಎಂದೇ ಹೇಳಬೇಕು. ಅದನ್ನು ಹೇಳಿಯೂ ಅವರ ನಂಬಿಕೆಯನ್ನು ಉಳಿಸಿಕೊಳ್ಳಲು ಬರುವುದು ರೋಗಿಯ ಪಕ್ಕದಲ್ಲಿ ರಾತ್ರಿ ನಿಂತವರಿಗೆ ಮಾತ್ರ. ನಾನು ಚಿಕಿತ್ಸೆ ನೀಡುತ್ತಿರುವ ರೋಗಿಯ ಒಪ್ಪಿಗೆಯನ್ನು ನಾನೇ ಕೇಳುವುದಿಲ್ಲ, ಇನ್ನೊಬ್ಬ ಸಹೋದ್ಯೋಗಿ ಕೇಳುತ್ತಾರೆ. ಇಲ್ಲ ಎನ್ನಲು ಅವರಿಗೆ ದಾಕ್ಷಿಣ್ಯ ಅಡ್ಡ ಬರಬಾರದು.

ಪಾಠದ ಬಗ್ಗೆ ಆಮೇಲೆ ಬರೆಯುತ್ತೇನೆ, ಈಗ ಪಾಳಿಯ ಸಮಯ.

---

ಇಲಿಮನೆ

ನಾನು ವೈದ್ಯನಲ್ಲ, ಶ್ವಾಸಕೋಶದ ಜೀವಕೋಶಗಳ ಮೇಲೆ ಕೆಲಸ ಮಾಡುವವನು. ಮೇಲಿನ ಉತ್ತರದಲ್ಲಿ ನನ್ನ ಕಡೆಯವರಿಗೆ ಸ್ವಲ್ಪ ಅನ್ಯಾಯವಾಗಿದೆ, ಸೇರಿಸುತ್ತೇನೆ.

2000ದ ಆ ಪ್ರಯೋಗ ಆಕಾಶದಿಂದ ಬೀಳಲಿಲ್ಲ. 1974ರಲ್ಲೇ ವೆಬ್ ಮತ್ತು ಟಿಯರ್ನಿ ಇಲಿಗಳಿಗೆ ನೀರಿನ 45 ಸೆಂಟಿಮೀಟರ್ ಒತ್ತಡದಲ್ಲಿ ಗಾಳಿ ಕೊಟ್ಟಿದ್ದರು. ಆರೋಗ್ಯವಂತ ಇಲಿಗಳ ಶ್ವಾಸಕೋಶ ಒಂದು ಗಂಟೆಯೊಳಗೆ ನೀರು ತುಂಬಿ ಹಾಳಾಯಿತು. ಉಸಿರಿನ ಕೊನೆಯಲ್ಲೂ ಸ್ವಲ್ಪ ಒತ್ತಡ ಉಳಿಸಿಕೊಂಡ ಇಲಿಗಳಲ್ಲಿ ಹಾನಿ ತೀರಾ ಕಡಿಮೆ. 1988ರಲ್ಲಿ ಡ್ರೇಫಸ್ ತಂಡ ಇನ್ನೂ ಚೆಂದದ ಕೆಲಸ ಮಾಡಿತು: ಇಲಿಯ ಎದೆ, ಹೊಟ್ಟೆಗಳಿಗೆ ಪಟ್ಟಿ ಬಿಗಿದು ಅದೇ ಹೆಚ್ಚಿನ ಒತ್ತಡ ಕೊಟ್ಟರು. ಒತ್ತಡ ಇದೆ, ಹಿಗ್ಗಲು ಜಾಗವಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಲಿಲ್ಲ. ಅಂದರೆ ಕೊಲ್ಲುವುದು ಒತ್ತಡವಲ್ಲ, ಅತಿಯಾದ ಹಿಗ್ಗುವಿಕೆ. ಒಂದು ಪಟ್ಟಿಯಿಂದ ಅಷ್ಟು ದೊಡ್ಡ ಪ್ರಶ್ನೆ ಬಗೆಹರಿಯಿತು. ಇಂಥ ಪ್ರಯೋಗ ಹೊಳೆಯಬೇಕೆಂದು ಆಸೆಪಡುವವರು ನಮ್ಮ ಕಡೆ ಬನ್ನಿ.

ಇಲಿಯಿಂದ ಹಾಸಿಗೆಗೆ 26 ವರ್ಷ ಹಿಡಿಯಿತು ಎಂಬುದೂ ನಿಜ. ಇಂಥದ್ದೇ ಇನ್ನೊಂದು ಕತೆಯಿದೆ. ಮಕ್ಕಳ ವೈದ್ಯೆ ಮೇರಿ ಎಲೆನ್ ಏವರಿ ತಮಗೇ ಕ್ಷಯ ತಗುಲಿದ ಮೇಲೆ ಶ್ವಾಸಕೋಶದ ಕಡೆ ಹೊರಳಿದವರು. ಅವಧಿಗೆ ಮುನ್ನ ಹುಟ್ಟಿ ಉಸಿರಾಡಲಾಗದೆ ಸತ್ತ ಶಿಶುಗಳ ಶ್ವಾಸಕೋಶದಲ್ಲಿ ಸರ್ಫ್ಯಾಕ್ಟಂಟ್, ಅಂದರೆ ಗಾಳಿಗೂಡುಗಳು ಮುಚ್ಚಿಕೊಳ್ಳದಂತೆ ಕಾಯುವ ಲೇಪದ ಕೊರತೆಯಿದೆಯೆಂದು 1959ರಲ್ಲಿ ಜೆರೆ ಮೀಡ್ ಜೊತೆ ತೋರಿಸಿದರು. ಜಪಾನಿನಲ್ಲಿ ಫುಜಿವಾರಾ ಅದನ್ನು ಹತ್ತು ಶಿಶುಗಳಿಗೆ ಕೊಟ್ಟು ಫಲ ಕಂಡದ್ದನ್ನು ವರದಿ ಮಾಡಿದ್ದು 1980ರಲ್ಲಿ. ಮಕ್ಕಳಲ್ಲಿ ಅದು ಚಿಕಿತ್ಸೆಯ ಚಹರೆಯನ್ನೇ ಬದಲಿಸಿತು. ದೊಡ್ಡವರ ಎಆರ್‌ಡಿಎಸ್‌ನಲ್ಲಿ ಅದೇ ವಸ್ತು ಕೈಕೊಟ್ಟಿತು.

ನನಗೆ ನಿದ್ದೆ ಕೆಡಿಸುವ ಉದಾಹರಣೆ ಬೇರೆ. ಗಾಳಿಗೂಡಿನೊಳಗಿನ ನೀರನ್ನು ಹೊರಹಾಕುವುದು ಅಲ್ಲಿನ ಜೀವಕೋಶಗಳ ಕೆಲಸ. ಅವು ಸೋಡಿಯಂ ಅನ್ನು ಪಂಪ್ ಮಾಡುತ್ತವೆ, ನೀರು ಅದರ ಹಿಂದೆ ಹೋಗುತ್ತದೆ. ಆಸ್ತಮಾಕ್ಕೆ ಕೊಡುವ ಸಾಲ್ಬುಟಮಾಲ್ ಬಗೆಯ ಔಷಧಿಗಳು ಈ ಪಂಪನ್ನು ಚುರುಕುಗೊಳಿಸುತ್ತವೆ. ಪ್ರಯೋಗಾಲಯದಲ್ಲಿ ಕಂಡದ್ದು ಅದನ್ನೇ, ತರ್ಕವೂ ಸೊಗಸಾಗಿತ್ತು. ಬ್ರಿಟನ್ನಿನ ಬಾಲ್ಟಿ-2 ಪ್ರಯೋಗ 2012ರಲ್ಲಿ ಪ್ರಕಟವಾಯಿತು: ಅಭಿಧಮನಿಯ ಮೂಲಕ ಸಾಲ್ಬುಟಮಾಲ್ ಪಡೆದವರಲ್ಲಿ 28 ದಿನಗಳೊಳಗೆ ಸತ್ತವರು ಶೇ. 34, ಪಡೆಯದವರಲ್ಲಿ ಶೇ. 23. ನಮ್ಮ ತರ್ಕದಲ್ಲಿ ಪಂಪ್ ಇತ್ತು. ಹೃದಯವೂ ಉಳಿದ ದೇಹವೂ ಇರಲಿಲ್ಲ. ಐಸಿಯು ವೈದ್ಯರೊಬ್ಬರು ಪ್ರಯೋಗಾಲಯದ ಮೇಜಿನ ಬಳಿ ಕೂರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

---

ರಾತ್ರಿಪಾಳಿ

ಎಲ್ಲರಿಗೂ ಧನ್ಯವಾದ. ಹಳೆಯ ವೆಂಟಿಲೇಟರ್ ಸರ್, ಆ ಮೂರನೆಯ ದಿನದ ಆಮ್ಲಜನಕದ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಪ್ರಬಂಧವನ್ನು ಮತ್ತೆ ತೆಗೆದು ನೋಡಿದೆ, ಕೋಷ್ಟಕದಲ್ಲಿದೆ. ಪಾಠದ ಬಗ್ಗೆ ಹೇಳುತ್ತೇನೆಂದಿದ್ದಿರಿ. ನಿಜ ಹೇಳಬೇಕೆಂದರೆ ನನಗೆ ಅದರಲ್ಲೇ ಹೆಚ್ಚು ಖುಷಿ, ಆದರೆ ‘ಸಂಶೋಧನೆ ಮಾಡಲಾಗದವರು ಪಾಠ ಮಾಡುತ್ತಾರೆ’ ಎಂಬ ಮಾತನ್ನು ಕೇಳಿ ಕೇಳಿ ಹೇಳಿಕೊಳ್ಳಲು ಸಂಕೋಚ.

---

ಹಳೆಯ ವೆಂಟಿಲೇಟರ್

ಸರ್ ಅಲ್ಲ, ಮೇಡಂ. ಪರವಾಗಿಲ್ಲ, ಅಭ್ಯಾಸವಾಗಿದೆ.

ಆ ಮಾತನ್ನು ಆಡಿದವರಿಗೆ ಲಂಗ್ ಸೇಫ್ ಅಧ್ಯಯನವನ್ನು ಕೊಡಿ. 2016ರಲ್ಲಿ ಬಂದದ್ದು, 50 ದೇಶಗಳ 459 ಐಸಿಯುಗಳು. ಎಆರ್‌ಡಿಎಸ್ ಇದ್ದ ರೋಗಿಗಳಲ್ಲಿ ವೈದ್ಯರು ಅದನ್ನು ಗುರುತಿಸಿದ್ದು ಶೇ. 60ರಷ್ಟರಲ್ಲಿ ಮಾತ್ರ. ಕಿಲೋಗ್ರಾಂಗೆ 8 ಮಿಲಿಲೀಟರ್ ಅಥವಾ ಅದಕ್ಕಿಂತ ಕಡಿಮೆ ಗಾಳಿ ಸಿಕ್ಕಿದ್ದು ಮೂರರಲ್ಲಿ ಎರಡು ಪಾಲಿಗಿಂತಲೂ ಕಡಿಮೆ ಮಂದಿಗೆ. ತೀವ್ರ ಸ್ಥಿತಿಯವರಲ್ಲಿ ಬೋರಲು ಮಲಗಿಸಿದ್ದು ಶೇ. 16 ಮಂದಿಯನ್ನು. 2000ದ ಫಲಿತಾಂಶ ಬಂದು ಅಷ್ಟೊಂದು ವರ್ಷಗಳಾಗಿದ್ದವು. ಔಷಧಿ ಕಂಪನಿಯೊಂದು ಸಾವನ್ನು ಅಷ್ಟು ಇಳಿಸುವ ಮಾತ್ರೆ ಕಂಡುಹಿಡಿದಿದ್ದರೆ ತುತ್ತೂರಿ ಊದಿಕೊಂಡು ಬರುತ್ತಿತ್ತು. ಗುಂಡಿಯೊಂದನ್ನು ಕಡಿಮೆಗೆ ತಿರುಗಿಸಿ ಎನ್ನುವುದನ್ನು ಮಾರಲು ಯಾರಿದ್ದಾರೆ? ಪಾಠ ಮಾಡುವವರಷ್ಟೇ. ನನ್ನ ಲೆಕ್ಕದಲ್ಲಿ ಸಂಶೋಧನೆ ರೋಗಿಯನ್ನು ಮುಟ್ಟುವುದೇ ಪಾಠದ ಮೂಲಕ. ಪ್ರಕಟವಾದ ದಿನ ಅದು ಇನ್ನೂ ದಾರಿಯಲ್ಲಿದೆ.

ಈ ಶಾಖೆ ಹುಟ್ಟಿದ್ದೂ ವಿದ್ಯಾರ್ಥಿಗಳ ಕೈಯಲ್ಲಿ ಎಂಬುದನ್ನು ಮರೆಯಬೇಡಿ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿ ಉಸಿರಿನ ಸ್ನಾಯುಗಳು ಸೋತ ಮಕ್ಕಳು ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ತುಂಬಿಹೋದಾಗ, ಬ್ಯೋರ್ನ್ ಇಬ್ಸನ್ ಎಂಬ ಅರಿವಳಿಕೆ ವೈದ್ಯರು ಗಂಟಲಿಗೆ ರಂಧ್ರ ಮಾಡಿ ನಳಿಕೆ ಹಾಕಿ ಚೀಲವನ್ನು ಕೈಯಿಂದ ಅದುಮಿ ಉಸಿರು ಕೊಡುವ ದಾರಿ ತೋರಿಸಿದರು. ಅದುಮುವವರು ಯಾರು? ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕುಳಿತು ಹಗಲು ರಾತ್ರಿ ಅದುಮಿದರು.

ನಾನು ಇಂದಿಗೂ ಪಾಠವನ್ನು ಆ ಚೀಲದಿಂದಲೇ ಶುರುಮಾಡುತ್ತೇನೆ. ರಬ್ಬರಿನ ಕೃತಕ ಶ್ವಾಸಕೋಶಕ್ಕೆ ಚೀಲ ಜೋಡಿಸಿ, ನಡುವೆ ಗಾಳಿಯ ಪ್ರಮಾಣ ತೋರಿಸುವ ಮಾಪಕ ಇಟ್ಟು, ಅಂಕಿಯನ್ನು ಅವರಿಗೆ ಕಾಣದಂತೆ ನನ್ನ ಕಡೆ ತಿರುಗಿಸಿಕೊಳ್ಳುತ್ತೇನೆ. ರೋಗಿಯ ವಿವರ ಕೊಡುತ್ತೇನೆ: ಹೆಂಗಸು, ಎತ್ತರ 155 ಸೆಂಟಿಮೀಟರ್, ತೂಕ 80 ಕಿಲೋಗ್ರಾಂ. ‘ಎಷ್ಟು ಕೊಡಬೇಕೋ ಅಷ್ಟು ಅದುಮಿ.’ ಹುಡುಗರು ಒಳ್ಳೆಯ ಮನಸ್ಸಿನಿಂದ, ಎರಡೂ ಕೈ ಸೇರಿಸಿ, ಉದಾರವಾಗಿ ಅದುಮುತ್ತಾರೆ. ಐನೂರು, ಆರುನೂರು ಮಿಲಿಲೀಟರ್. ಆಮೇಲೆ ಹಲಗೆಯ ಮೇಲೆ ಲೆಕ್ಕ. ಕಿಲೋಗ್ರಾಂಗೆ 6 ಎನ್ನುವಾಗ ಹಿಡಿಯಬೇಕಾದದ್ದು ತಕ್ಕಡಿಯ ತೂಕವಲ್ಲ, ಎತ್ತರಕ್ಕೆ ತಕ್ಕ ತೂಕ: ಹೆಂಗಸಾದರೆ 45.5ರಿಂದ ಶುರು, ಗಂಡಸಾದರೆ 50ರಿಂದ, ಎತ್ತರ 152.4 ಸೆಂಟಿಮೀಟರ್‌ಗಿಂತ ಎಷ್ಟು ಹೆಚ್ಚೋ ಅದರ 0.91 ಪಾಲನ್ನು ಕೂಡಿಸಿ. ಇವರಿಗೆ ಬರುವುದು ಸುಮಾರು 48 ಕಿಲೋಗ್ರಾಂ. ಆರರಿಂದ ಗುಣಿಸಿದರೆ 290 ಮಿಲಿಲೀಟರ್ ಆಸುಪಾಸು. ತಕ್ಕಡಿಯ 80ನ್ನು ಆರರಿಂದ ಗುಣಿಸಿದವರು 480 ಕೊಡುತ್ತಾರೆ, ಅಂದರೆ ಪ್ರಯೋಗದಲ್ಲಿ ಹೆಚ್ಚು ಸತ್ತ ಗುಂಪಿನ ಕಡೆಗೇ ಜಾರುತ್ತಾರೆ. ಮೈ ದಪ್ಪಗಾದರೆ ಶ್ವಾಸಕೋಶ ಬೆಳೆಯುವುದಿಲ್ಲ. ಅದು ಎತ್ತರಕ್ಕೆ ತಕ್ಕಂತೆ ಇರುತ್ತದೆ. ಹೀಗಾಗಿ ಅತಿಯಾದ ಗಾಳಿ ಹೆಚ್ಚಾಗಿ ಸಿಕ್ಕುವುದು ಕುಳ್ಳಗಿರುವವರಿಗೆ, ಅದರಲ್ಲೂ ಹೆಂಗಸರಿಗೆ. ನನ್ನ ಕೋಟಿನ ಜೇಬಿನಲ್ಲಿ ಸ್ಟೆತೋಸ್ಕೋಪ್ ಇಲ್ಲದ ದಿನವಿರಬಹುದು, ಅಳತೆ ಪಟ್ಟಿ ಇಲ್ಲದ ದಿನವಿಲ್ಲ. ಮಲಗಿದ್ದವರ ಎತ್ತರವನ್ನು ಕಣ್ಣಳತೆಯಲ್ಲಿ ಬರೆದ ಕಡತ ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ, ಅದು ವಿಭಾಗಕ್ಕೆಲ್ಲ ಗೊತ್ತು.

ಬಡ್ತಿಯ ಲೆಕ್ಕಕ್ಕೆ ಪಾಠ ಬರುತ್ತದೆಯೇ ಎಂದರೆ, ಹಲವು ಕಡೆ ಹೆಚ್ಚೇನೂ ಬರುವುದಿಲ್ಲ. ಅದನ್ನು ಸಿಹಿ ಮಾಡಿ ಹೇಳಲಾರೆ.

---

ಬೋರಲು

ಐಸಿಯು ನರ್ಸ್ ನಾನು. ಶೇ. 16ರ ಮಾತು ಬಂತಲ್ಲ, ಅದಕ್ಕೆ ಒಂದು ಸೇರಿಕೆ.

2013ರ ಪ್ರೊಸೇವಾ ಪ್ರಯೋಗದಲ್ಲಿ ತೀವ್ರ ಸ್ಥಿತಿಯ 466 ಮಂದಿ ಇದ್ದರು. ದಿನಕ್ಕೆ ಕನಿಷ್ಠ 16 ಗಂಟೆ ಬೋರಲು ಮಲಗಿಸಿದವರಲ್ಲಿ 28 ದಿನಗಳ ಸಾವು ಶೇ. 16, ಅಂಗಾತ ಇದ್ದವರಲ್ಲಿ ಶೇ. 32.8. ವೈದ್ಯರು ಈ ಅಂಕಿಯನ್ನು ಹೇಳಿ ಮುಂದೆ ಹೋಗುತ್ತಾರೆ. ಆ ಘಟಕಗಳು ವರ್ಷಗಳಿಂದ ಬೋರಲು ಮಲಗಿಸಿ ಪಳಗಿದ್ದವು ಎಂಬುದನ್ನು ಯಾರೂ ಹೇಳುವುದಿಲ್ಲ.

ಮಾಡುವ ಕೆಲಸ ಹೀಗಿದೆ: ಒಬ್ಬರು ತಲೆಯ ಬಳಿ, ಅವರ ಕೈ ಉಸಿರಿನ ನಳಿಕೆ ಬಿಟ್ಟು ಬೇರೆಲ್ಲೂ ಹೋಗಬಾರದು. ಇಬ್ಬರಿಬ್ಬರು ಎರಡೂ ಪಕ್ಕ. ಎಣಿಸುವವರು ತಲೆಯ ಬಳಿಯವರು, ಬೇರೆ ಯಾರೂ ಬಾಯಿ ತೆರೆಯಬಾರದು. ತಿರುಗಿಸಿದ ಮೇಲೆ ಕಣ್ಣು ಒತ್ತಿಲ್ಲವೇ, ಕಿವಿ ಮಡಚಿಲ್ಲವೇ, ನಳಿಕೆ ತುಟಿಯ ಅಂಚನ್ನು ಕೊರೆಯುತ್ತಿಲ್ಲವೇ, ಎಲ್ಲ ನೋಡಬೇಕು. ಕೆಲವು ಗಂಟೆಗೊಮ್ಮೆ ಮುಖದ ದಿಕ್ಕು ಬದಲಿಸಬೇಕು. ಇಲ್ಲದಿದ್ದರೆ ಶ್ವಾಸಕೋಶ ಉಳಿದು ಕೆನ್ನೆಯ ಚರ್ಮ ಹೋಗುತ್ತದೆ.

ರಾತ್ರಿಪಾಳಿ ಅವರೇ, ಸಂಶೋಧನೆಗೆ ಇಳಿದರೆ ನಿಮ್ಮ ಪ್ರಯೋಗದ ಯೋಜನೆಯನ್ನು ಬರೆದು ಮುಗಿಸುವ ಮೊದಲು ನಮಗೆ ತೋರಿಸಿ. ‘ಪ್ರತಿ ಗಂಟೆಗೊಮ್ಮೆ ದಾಖಲಿಸುವುದು’ ಎಂದು ಒಂದೇ ಸಾಲಿನಲ್ಲಿ ಬರೆದುಬಿಡುತ್ತೀರಿ. ಯಾರು ದಾಖಲಿಸುವುದು?

ಬದುಕಿ ಹೋದವರನ್ನೂ ಹಿಂಬಾಲಿಸಿ. ಕೆನಡಾದ ಹೆರಿಜ್ ಅವರ ತಂಡ 2003ರಲ್ಲಿ ಪ್ರಕಟಿಸಿದ್ದು ನನಗೆ ಕಣ್ಣು ತೆರೆಸಿತು. ಎಆರ್‌ಡಿಎಸ್‌ನಿಂದ ಪಾರಾದ 109 ಮಂದಿ. ಶ್ವಾಸಕೋಶದ ಗಾಳಿಯ ಅಳತೆಗಳು ಆರು ತಿಂಗಳಿಗೆ ಬಹುತೇಕ ಸರಿಯಾಗಿದ್ದವು, ಆದರೆ ಒಂದು ವರ್ಷದ ಮೇಲೂ ಆರು ನಿಮಿಷದಲ್ಲಿ ನಡೆಯುತ್ತಿದ್ದ ದೂರ 422 ಮೀಟರ್ ಆಸುಪಾಸು, ಅವರ ವಯಸ್ಸಿಗೆ ನಿರೀಕ್ಷಿಸುವುದಕ್ಕಿಂತ ಸಾಕಷ್ಟು ಕಡಿಮೆ. ಸುಮಾರು ಅರ್ಧದಷ್ಟು ಮಂದಿ ಮಾತ್ರ ಕೆಲಸಕ್ಕೆ ಮರಳಿದ್ದರು. ಸೋತದ್ದು ಸ್ನಾಯುಗಳು. ನಾವು ‘ಗುಣವಾಯಿತು’ ಎಂದು ವಾರ್ಡಿಗೆ ಕಳಿಸಿದವರು ಇವರು.

---

ಗಡಿಯಾರ

ಯಾರು ದಾಖಲಿಸುವುದು ಎಂಬ ಪ್ರಶ್ನೆಗೆ ನನ್ನ ಕಡೆಯಿಂದ ಎರಡು ಕೈ ಎತ್ತಿ ಬೆಂಬಲ. ಮೇಡಂ ಹೇಳಿದ ವಾರ ಸೀಳುವ ವ್ಯವಸ್ಥೆ ನನಗೆ ಸಿಕ್ಕಿದ್ದರೆ ನಾನು ಬಿಡುತ್ತಿದ್ದೆನೋ ಇಲ್ಲವೋ. ಅಷ್ಟು ಒಪ್ಪಿಕೊಳ್ಳುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ.

---

ರಾತ್ರಿಪಾಳಿ

ಮೇಡಂ, ಕ್ಷಮಿಸಿ. ಒಂದೇ ಒಂದು ಪ್ರಶ್ನೆ ಉಳಿದಿದೆ. ಮೊದಲ ಕೆಲಸವಾಗಿ ಏನನ್ನು ಹಿಡಿಯಲಿ? ಮನಸ್ಸಿನಲ್ಲಿರುವುದು ಉರಿಯೂತ ಹೆಚ್ಚಿರುವ ರೋಗಿಗಳು, ಕಡಿಮೆ ಇರುವ ರೋಗಿಗಳು ಎಂದು ಎಆರ್‌ಡಿಎಸ್ ಅನ್ನು ರಕ್ತಪರೀಕ್ಷೆಯಿಂದ ಎರಡು ಬಗೆಯಾಗಿ ವಿಂಗಡಿಸುವ ವಿಷಯ.

---

ಹಳೆಯ ವೆಂಟಿಲೇಟರ್

ವಿಷಯ ಒಳ್ಳೆಯದು. 2014ರಲ್ಲಿ ಕ್ಯಾಲ್ಫಿ ತಂಡ ಹಳೆಯ ಪ್ರಯೋಗಗಳ ದತ್ತಾಂಶದಿಂದಲೇ ಆ ಎರಡು ಬಗೆಗಳನ್ನು ತೋರಿಸಿದಾಗ, ಸೋತ ಔಷಧಿಗಳಲ್ಲಿ ಕೆಲವು ಒಂದು ಬಗೆಯವರಿಗಾದರೂ ಕೆಲಸ ಮಾಡಿದ್ದಿರಬಹುದೇ ಎಂಬ ಪ್ರಶ್ನೆ ಎದ್ದಿತು, ಇನ್ನೂ ಬಿಸಿಯಾಗಿಯೇ ಇದೆ. ಆದರೆ ಅದಕ್ಕೆ ಸಾವಿರಾರು ರೋಗಿಗಳ ರಕ್ತದ ಮಾದರಿಗಳೂ ದೊಡ್ಡ ತಂಡವೂ ಬೇಕು. ಅಂಥ ತಂಡವನ್ನು ಸೇರಿ ಕಲಿಯಿರಿ, ಒಬ್ಬರೇ ಶುರುಮಾಡಬೇಡಿ.

ನಿಮ್ಮದೇ ಆದ ಮೊದಲ ಕೆಲಸಕ್ಕೆ ನಿಮ್ಮ ಘಟಕದ ಹಳೆಯ ಕಡತಗಳು ಸಾಕು. ವೆಂಟಿಲೇಟರ್ ಹಾಕಿದವರ ಎತ್ತರ ದಾಖಲಾಗಿದೆಯೇ, ಅಳೆದದ್ದೋ ಅಂದಾಜೋ, ಅದಕ್ಕೆ ತಕ್ಕ ಗಾಳಿ ಸಿಕ್ಕಿತೇ, ಗಂಡಸರಿಗೂ ಹೆಂಗಸರಿಗೂ ವ್ಯತ್ಯಾಸವಿದೆಯೇ. ನೈತಿಕ ಸಮಿತಿಯ ಅನುಮತಿ ಬೇಕು, ಕಡತವೇ ಆದರೂ. ದತ್ತಾಂಶ ಕಲೆಹಾಕುವ ಮೊದಲು ಸಂಖ್ಯಾಶಾಸ್ತ್ರಜ್ಞರ ಬಳಿ ಹೋಗಿ. ಕಲೆಹಾಕಿದ ಮೇಲೆ ಹೋದರೆ ಅವರು ಮಾಡಬಹುದಾದದ್ದು ಕಡಿಮೆ. ಬೋರಲು ಅವರಂಥ ನರ್ಸ್ ಒಬ್ಬರನ್ನು ಮೊದಲ ದಿನದಿಂದ ಜೊತೆಗೆ ಸೇರಿಸಿಕೊಳ್ಳಿ, ಕೊನೆಯಲ್ಲಿ ಧನ್ಯವಾದ ಹೇಳುವ ಸಾಲಿನಲ್ಲಿ ಅಲ್ಲ, ಲೇಖಕರ ಸಾಲಿನಲ್ಲಿ.

ಮತ್ತೆ, ಕಾಗದದ ವೈದ್ಯರು ಎಂದಿರಲ್ಲ, ಅವರ ಬಳಿ ಹೋಗಿ ಮಾತನಾಡಿ. ವೆಂಟಿಲೇಟರಿನ ಪರದೆ ಗೊತ್ತಿಲ್ಲವೆಂದು ಕಿರಿಯರನ್ನೇ ಕೇಳುವ ಹಿರಿಯರು ನನಗೆ ಸಿಕ್ಕಿದ್ದು ಕಡಿಮೆ.